ಚಿಗವ್ವನ ಹಾಲು

ಮಂದಾಕಿನಿ ಗಲಗಲಿಯ ಮುಂದೆ ಹಾಲಿನ ಮಾತು ತೆಗೆದರೆ ತಾಟಿನಲ್ಲಿಯ ಅನ್ನ ಆರಿ ತಣ್ಣಗಾಗುತ್ತದೆ ಎಂಬುದು ಅವಳ ಮನೆಯವರಿಗೆಲ್ಲ ಗೊತ್ತು. ಗಂಡ ಶ್ರೀಪಾದ ಹೈಸ್ಕೂಲಿನಲ್ಲಿ ಭೂಗೋಳದ ಮಾಸ್ತರ. ಮದುವೆಯಾದ ಹೊಸತರಲ್ಲಿ ಒಂದು ದಿನ, ಪಾಠಕ್ಕೆ ಬೇಕೆಂದು, ಕಾಂಗರೂ ತನ್ನ ಮರಿಯನ್ನು ಅಷ್ಟು ಕಾಲ ಚೀಲದಲ್ಲಿ ಯಾಕೆ ಇಟ್ಟುಕೊಳ್ಳುತ್ತದೆ ಎಂದು ಕೇಳಿಬಿಟ್ಟಿದ್ದ. ಅಂದು ಮನೆಗೆ ಬಂದ ನೆಂಟರು ಉತ್ತರ ಮುಗಿಯುವುದನ್ನು ಕಾದು ಕಾದು, ಕಡೆಗೆ ತಾವೇ ಬಾಗಿಲು ಮುಂದಕ್ಕೆ ಎಳೆದುಕೊಂಡು ಹೋದರು.

ಉತ್ತರ ಮಾತ್ರ ಕೇಳುವಂಥದ್ದೇ. ಕಾಂಗರೂ ಆಗಲಿ, ಅದರ ಚಿಕ್ಕ ತಂಗಿಯಂತಿರುವ ವಾಲಬಿಯಾಗಲಿ, ಹೆರುವುದು ಮರಿಯನ್ನಲ್ಲ, ಮರಿಯ ಕರಡುಪ್ರತಿಯನ್ನು. ವಾಲಬಿಯ ಕೂಸು ಹುಟ್ಟುವಾಗ ಅವರೆಕಾಳಿನಷ್ಟಿರುತ್ತದೆ. ಕಣ್ಣಿಲ್ಲ, ಕೂದಲಿಲ್ಲ, ಶ್ವಾಸಕೋಶ ಎನ್ನಬಹುದಾದದ್ದೂ ಇಲ್ಲ. ಆ ಕಾಳು ತೆವಳುತ್ತ ತಾಯಿಯ ಚೀಲ ಸೇರಿ ಒಂದು ಮೊಲೆತೊಟ್ಟನ್ನು ಕಚ್ಚಿಕೊಂಡರೆ ತಿಂಗಳುಗಟ್ಟಲೆ ಬಿಡುವುದಿಲ್ಲ. ನಮ್ಮಲ್ಲಿ ಗರ್ಭದೊಳಗೆ ಆಗುವ ಕೆಲಸವನ್ನೆಲ್ಲ ಅಲ್ಲಿ ಹಾಲು ಮಾಡುತ್ತದೆ. ಅದಕ್ಕೇ ಆ ಹಾಲು ಒಂದೇ ತರಹ ಇರುವುದಿಲ್ಲ. ಮೊದಲು ನೀರುನೀರಾಗಿ ಸಿಹಿ, ಬರಬರುತ್ತ ಸಾರ, ಕಡೆಗೆ ದಪ್ಪ ಕೊಬ್ಬು. ಒಂದೊಂದು ಹಂತದ ಹಾಲಿನಲ್ಲೂ ಆಹಾರದ ಜೊತೆಗೆ ಒಂದೊಂದು ಅಪ್ಪಣೆ ಇರುತ್ತದೆ: ಈಗ ಕರುಳು ಬಲಿಯಲಿ, ಈಗ ಶ್ವಾಸಕೋಶದಲ್ಲಿ ಗೂಡು ಕಟ್ಟಲಿ, ಈಗ ಕೂದಲು ಬರಲಿ. ಇನ್ನೂ ಸೋಜಿಗವೆಂದರೆ, ಕಾಂಗರೂವಿನ ಚೀಲದಲ್ಲಿ ಒಂದು ಕಾಳುಮರಿ ಇರುವಾಗಲೇ ಹೊರಗೆ ಕುಪ್ಪಳಿಸುವ ಅಣ್ಣನೂ ಬಂದು ಪಕ್ಕದ ಮೊಲೆಗೆ ಬಾಯಿ ಹಾಕುತ್ತಾನೆ. ಒಬ್ಬಳೇ ತಾಯಿ, ಪಕ್ಕಪಕ್ಕದ ಎರಡು ಮೊಲೆ, ಎರಡರಲ್ಲಿ ಎರಡು ಬೇರೆ ಬೇರೆ ಹಾಲು.

“ಸಣ್ಣ ವಾಲಬಿ ಮರೀನ ಒಯ್ದು, ದೊಡ್ಡ ಮರಿ ಇರೋ ತಾಯಿಗೆ ಹಚ್ಚಿದ್ರ ಏನಾಗ್ತದ ಗೊತ್ತದ ಏನು?” ಎಂದು ಆ ದಿನ ಮಂದಾಕಿನಿ ಕೇಳಿದ್ದಳು. “ಸಣ್ಣದು ದಡಬಡ ಬೆಳೀತದ. ವ್ಯಾಳ್ಯಾಕ್ಕಿಂತ ಮೊದಲ ಶ್ವಾಸಕೋಶ ತೆರೀತದ. ಕೂಸಿಗೆ ತನ್ನ ವಯಸ್ಸು ಎಷ್ಟಂತ ಗೊತ್ತಿರೂದಿಲ್ಲ. ಹಾಲು ಹೇಳಿದ್ದೇ ವಯಸ್ಸು.”

ಹಾಲಿನ ಮೇಲೆ ಸಂಶೋಧನೆ ಮಾಡಿ ಡಾಕ್ಟರ್ ಎನಿಸಿಕೊಂಡು, ದಕ್ಷಿಣ ಆಸ್ಟ್ರೇಲಿಯಾದ ವಾಲಬಿಗಳ ನಡುವೆ ಕೆಲವು ಕಾಲ ಇದ್ದು ಧಾರವಾಡಕ್ಕೆ ಮರಳಿದವಳ ತಲೆಯಲ್ಲಿ ಒಂದೇ ಪ್ರಶ್ನೆ ಕೊರೆಯುತ್ತಿತ್ತು. ದಿನ ತುಂಬದೆ ಹುಟ್ಟುವ ನಮ್ಮ ಕೂಸೂ ಒಂದು ಬಗೆಯ ಕಾಳುಮರಿಯೇ ಅಲ್ಲವೇ? ಹೊಟ್ಟೆಯೊಳಗೆ ಕೇಳಬೇಕಾಗಿದ್ದ ಅಪ್ಪಣೆಗಳನ್ನು ಕೇಳುವ ಮೊದಲೇ ಹೊರಗೆ ಬಿದ್ದಿದೆ. ಅದಕ್ಕೆ ಹಂತ ಹಂತವಾಗಿ ಹೇಳಿಕೊಡುವ ಹಾಲು ಸಿಕ್ಕರೆ?

ಸಿಗುವಂತೆ ಮಾಡಲು ಅವಳ ತಲೆಗೂದಲು ಅರ್ಧ ಬೆಳ್ಳಗಾಯಿತು. ಊರಿನ ಆಸ್ಪತ್ರೆಯೊಂದರ ಹಿಂಭಾಗದಲ್ಲಿ ಎಳೆಗೂಸುಗಳ ಕೇಂದ್ರ, ಅದರ ಪಕ್ಕದ ಕೋಣೆಯಲ್ಲಿ ಕಪಾಟಿನಷ್ಟು ಎತ್ತರದ ಯಂತ್ರ. ತಾಯಂದಿರಿಂದ ಕೂಡಿಸಿದ ಹಾಲು ಒಂದು ಕಡೆಯಿಂದ ಒಳಗೆ ಹೋಗುತ್ತದೆ. ವಾಲಬಿಯಿಂದ ಕಲಿತ ಪಾಠವನ್ನು ಮನುಷ್ಯರಿಗೆ ಹೊಂದಿಸಿ, ಯೀಸ್ಟಿನಿಂದ ಮಾಡಿಸಿದ ಅಪ್ಪಣೆಯ ಸಾರಗಳು ಇನ್ನೊಂದು ಕಡೆಯಿಂದ ಬೆರೆಯುತ್ತವೆ. ಕೂಸಿನ ವಯಸ್ಸು, ಅಂದರೆ ಬಸಿರು ನಿಂತಾಗಿನಿಂದ ಆದ ವಯಸ್ಸು, ಒಂದನ್ನು ಹೇಳಿದರೆ ಸಾಕು, ಆ ಕೂಸಿಗೆ ಆ ದಿನದ ಹಾಲು ಇಳಿಯುತ್ತದೆ. ಸರಕಾರಿ ಕಾಗದದಲ್ಲಿ ಅದಕ್ಕೆ ಉದ್ದನೆಯ ಹೆಸರಿತ್ತು. ನರ್ಸುಗಳು ಅದನ್ನು ಚಿಗವ್ವ, ಅಂದರೆ ಚಿಕ್ಕಮ್ಮ ಎಂದು ಕರೆದರು. ಅವ್ವನಿಗೆ ಆಗದಿದ್ದಾಗ ಕೂಸನ್ನು ನೋಡಿಕೊಳ್ಳುವವಳು ಚಿಗವ್ವನೇ ತಾನೆ.

ಅತ್ತೆ ಕೃಷ್ಣಾಬಾಯಿಗೆ ಮೊದಮೊದಲು ಇದು ಸರಿಬರಲಿಲ್ಲ. ಯಾವುದೋ ಕಾಡುಪ್ರಾಣಿಯ ಹಾಲನ್ನು ಹಸುಗೂಸುಗಳಿಗೆ ಕುಡಿಸುವ ಪಾಪ ಈ ಮನೆಗೆ ತಟ್ಟುವುದು ಬೇಡ ಎಂದರು. ಪ್ರಾಣಿಯದೇನೂ ಇಲ್ಲ, ಎಲ್ಲ ಯೀಸ್ಟಿನಿಂದ ಹುದುಗಿಸಿದ್ದು ಎಂದು ಸೊಸೆ ವಿವರಿಸಿದ ಮೇಲೆ, ಹಾಗಾದರೆ ಇಡ್ಲಿಹಿಟ್ಟಿನ ಬಳಗವೇ ಬಿಡು ಎಂದು ಒಪ್ಪಿಕೊಂಡರು.

ವಯಸ್ಸಿಗೆ ಸರಿಯಾಗಿ ಚಿಗವ್ವನ ಹಾಲು ಕುಡಿದ ಕೂಸುಗಳು ಚೆನ್ನಾಗಿ ಬೆಳೆದವು. ಆದರೆ ಮಂದಾಕಿನಿಯ ಒಳಗೆ ಒಂದು ಅನುಮಾನ ಹಾಗೆಯೇ ಉಳಿದಿತ್ತು. ಈ ಕೂಸುಗಳು ಹಾಲು ಹೇಳಿದ್ದಕ್ಕೆ ಬೆಳೆದವೋ, ಅಥವಾ ತಮ್ಮ ಪಾಡಿಗೆ ತಾವು ಬೆಳೆಯುತ್ತಿದ್ದಾಗ ಹಾಲು ಜೊತೆಗೆ ನಡೆಯಿತೋ? ಎತ್ತೂ ಬಂಡಿಯೂ ಒಂದೇ ದಾರಿಯಲ್ಲಿ ಹೋಗುತ್ತಿದ್ದರೆ ಯಾರು ಯಾರನ್ನು ಎಳೆಯುತ್ತಿದ್ದಾರೆಂದು ದೂರದಿಂದ ಹೇಗೆ ಹೇಳುವುದು? ಬೇಕೆಂದೇ ತಪ್ಪು ವಯಸ್ಸಿನ ಹಾಲು ಕೊಟ್ಟು ನೋಡಿದರೆ ತಿಳಿಯುತ್ತದೆ. ವಾಲಬಿಗೆ ಹಾಗೆ ಮಾಡಬಹುದು. ಮನುಷ್ಯರ ಕೂಸಿಗೆ ಹಾಗೆ ಮಾಡುವವರು ಮನುಷ್ಯರಲ್ಲ.

ಕೇಂದ್ರದ ಮುಖ್ಯ ವೈದ್ಯ ಡಾಕ್ಟರ್ ಈರಣ್ಣ ಮೆಣಸಿನಕಾಯಿ. ಹೆಸರು ಮೆಣಸಿನಕಾಯಿ, ಸ್ವಭಾವ ಮಾತ್ರ ಕಡೆದ ಮಜ್ಜಿಗೆ. ಒಂದೇ ವಿಷಯಕ್ಕೆ ಅವರು ಖಾರವಾಗುತ್ತಿದ್ದರು, ಅದು ಹಂತ ದಾಟಿಸುವ ಮಾತು. ಯಂತ್ರ ಬಂದ ಹೊಸತರಲ್ಲಿ, ಬೇಗ ಬಲಿಯಲಿ ಎಂಬ ಆಸೆಗೆ ಒಂದು ಗಂಡುಕೂಸಿಗೆ ಎರಡನೆಯ ಹಂತದ ಹಾಲನ್ನು ವಾರ ಮೊದಲೇ ಕೊಟ್ಟಿದ್ದರು. ಕರುಳು ತಡೆಯಲಿಲ್ಲ. ಹೊಟ್ಟೆ ಉಬ್ಬಿ, ನೀಲಿಗಟ್ಟಿ, ಕೂಸು ಹೋಯಿತು. ಅಂದಿನಿಂದ ಯಾರು ಏನೇ ಹೇಳಲಿ, ದಿನ ಬರುವ ತನಕ ಹಾಲು ಬದಲಿಸುವಂತಿರಲಿಲ್ಲ.

ದೀಪಾವಳಿಗೆ ವಾರವಿದೆ ಎನ್ನುವಾಗ ಸಾವಂತ್ರಿ ಬಂದಳು. ಊರ ಹೊರಗೆ ಡೇರೆ ಹಾಕಿದ್ದ ನಾಟಕ ಕಂಪನಿಯ ನಟಿ. ಗಂಡ ಬಸಲಿಂಗ ಅದೇ ಕಂಪನಿಯಲ್ಲಿ ಹಾರ್ಮೋನಿಯಂ ಬಾರಿಸುತ್ತಿದ್ದ. ಅತ್ತೆ ತುಳಸಾಬಾಯಿ ಒಂದು ಕಾಲಕ್ಕೆ ಕಂಪನಿಯ ಹೆಸರಾಂತ ಖಳನಾಯಕಿ, ಈಗ ಅಡುಗೆಮನೆಯ ಯಜಮಾನಿ. ಹೆರಿಗೆಯಾದದ್ದು ಹೆಣ್ಣು. ಬೊಗಸೆಯಲ್ಲಿ ಹಿಡಿಯುವಷ್ಟು. ಉಸಿರನ್ನು ಯಂತ್ರವೇ ಹಾಕಬೇಕಾಯಿತು.

ಎಷ್ಟರಲ್ಲಿ ಆಯಿತು ಎಂದು ಕೇಳಿದ್ದಕ್ಕೆ ತುಳಸಾಬಾಯಿ ಒಂದು ಚೂರೂ ತಡವರಿಸದೆ, ಆರು ತುಂಬಿ ಏಳು ನಡೆದಿತ್ತು ಎಂದರು. ಊರಿಂದ ಊರಿಗೆ ಹೋಗುವ ಕಂಪನಿಯಾದ್ದರಿಂದ ಸಾವಂತ್ರಿಯನ್ನು ಒಂದೇ ವೈದ್ಯರು ಎರಡು ಸಲ ನೋಡಿರಲಿಲ್ಲ. ಸ್ಕ್ಯಾನಿಂಗ್ ಆದದ್ದೂ ಬಹಳ ತಡವಾಗಿ. ಆಗ ಕೂಸಿನ ಗಾತ್ರ ನೋಡಿ ಸ್ಕ್ಯಾನಿಂಗಿನವರೂ ಅದೇ ಲೆಕ್ಕ ಹೇಳಿದ್ದರು. ಮೆಣಸಿನಕಾಯಿಯವರು ಕೂಸಿನ ಕಿವಿ, ಅಂಗಾಲು ಮುಟ್ಟಿ ನೋಡಿ, ಇವು ಇನ್ನಷ್ಟು ಬಲಿತ ಕೂಸಿನವುಗಳ ಹಾಗಿವೆಯಲ್ಲ ಎಂದು ಒಂದು ಕ್ಷಣ ಹುಬ್ಬು ಗಂಟಿಕ್ಕಿದರು. ತೂಕ ನೋಡಿ ಸುಮ್ಮನಾದರು. ಚಿಗವ್ವನಿಗೆ ವಯಸ್ಸು ಹೇಳಲಾಯಿತು. ಮೊದಲ ಹಂತದ ತಿಳಿಹಾಲು ತೊಟ್ಟುತೊಟ್ಟಾಗಿ ಇಳಿಯತೊಡಗಿತು.

ಮೂರು ವಾರ ಕಳೆದರೂ ಕೂಸು ಇದ್ದಲ್ಲಿಯೇ ಇತ್ತು. ಹಾಲು ದಕ್ಕುತ್ತಿತ್ತು, ಹೊಟ್ಟೆ ಸರಿಯಿತ್ತು, ಕಣ್ಣು ಬಿಟ್ಟು ಪಿಳಿಪಿಳಿ ನೋಡುತ್ತಿತ್ತು. ಅಷ್ಟು ಎಳೆಯ ಕೂಸು ಹಾಗೆ ನೋಡಬಾರದು ಎಂದು ಮಂದಾಕಿನಿಗೆ ಅನ್ನಿಸಿತ್ತು. ಶ್ವಾಸಕೋಶ ಮಾತ್ರ ಗೂಡು ಕಟ್ಟುವ ಸುದ್ದಿಯನ್ನೇ ತೆಗೆಯಲಿಲ್ಲ. ಉಸಿರಿನ ಯಂತ್ರದ ಒತ್ತಡವನ್ನು ದಿನದಿನಕ್ಕೆ ಏರಿಸಬೇಕಾಗಿ ಬಂತು. ಆ ಒತ್ತಡಕ್ಕೇ ಎಳೆಯ ಶ್ವಾಸಕೋಶ ಹರಿದುಹೋಗುವ ಭಯ. ಚಿಗವ್ವನ ಲೆಕ್ಕದಲ್ಲಿ ಎರಡನೆಯ ಹಂತದ ಹಾಲು, ಅಂದರೆ ಶ್ವಾಸಕೋಶಕ್ಕೆ ಅಪ್ಪಣೆ ಕೊಡುವ ಹಾಲು ಬರಲು ಇನ್ನೂ ಬಹಳ ದಿನವಿತ್ತು. ಕೂಸಿಗೆ ಅಷ್ಟು ಪುರುಸೊತ್ತಿಲ್ಲ ಎಂದು ಮೆಣಸಿನಕಾಯಿಯವರು ಮೆಲ್ಲಗೆ ಹೇಳಿದರು. ಸಾವಂತ್ರಿ ಗಾಜಿನ ಆಚೆ ನಿಂತು ಅವರ ತುಟಿಗಳನ್ನೇ ನೋಡುತ್ತಿದ್ದಳು.

ಮಂದಾಕಿನಿ ಯಂತ್ರದ ಕೋಣೆಗೆ ಬಂದು ಕೂತಳು. ಮಾಡಲು ಏನೂ ಇಲ್ಲದಾಗ ಅವಳಿಗೆ ಏನನ್ನಾದರೂ ಅಳೆಯುವ ಚಟ. ಚಿಗವ್ವನಿಂದ ಇಳಿದ ಹಾಲು ಸರಿಯಾದ ಹಂತದ್ದೇ ಎಂದು ದಿನಾ ಬೆಳಿಗ್ಗೆ ನೋಡಲು ಅವರ ಹತ್ತಿರ ಒಂದು ಗಾಜಿನ ಪಟ್ಟಿ ಇತ್ತು. ಒಂದು ತೊಟ್ಟು ಹಾಕಿದರೆ ಆ ಹಾಲಿನ ವಯಸ್ಸು ಪರದೆಯ ಮೇಲೆ ಮೂಡುತ್ತಿತ್ತು. ಸಾವಂತ್ರಿಯ ಕೂಸಿನ ಹಾಲನ್ನು ಹಾಕಿ ನೋಡಿದಳು, ಯಂತ್ರ ಹೇಳಿದ್ದೇ ಬಂತು. ಪಕ್ಕದಲ್ಲಿ ತಾಯಂದಿರು ಹಿಂಡಿಟ್ಟ ಹಾಲಿನ ಬಾಟಲಿಗಳು ಇದ್ದವು. ಅವೆಲ್ಲ ಕೂಡುಹಂಡೆಗೆ ಹೋಗುವಂಥವು. ರೋಗಾಣು ಇಲ್ಲವೆಂದು ನೋಡುವುದು ಬಿಟ್ಟರೆ ಅವುಗಳ ವಯಸ್ಸನ್ನು ಯಾರೂ ಎಂದೂ ಅಳೆದಿರಲಿಲ್ಲ. ಯಾಕೆ ಅಳೆಯಬೇಕು? ಹೇಗೂ ಚಿಗವ್ವ ಅದನ್ನೆಲ್ಲ ಬಿಡಿಸಿ ಹೊಸದಾಗಿ ಕಟ್ಟುತ್ತಾಳೆ. ಮಂದಾಕಿನಿ ಸಾವಂತ್ರಿಯ ಹೆಸರಿದ್ದ ಬಾಟಲಿಯಿಂದ ಒಂದು ತೊಟ್ಟು ತೆಗೆದು ಪಟ್ಟಿಗೆ ಹಾಕಿದಳು.

ಪರದೆಯ ಮೇಲೆ ಬಂದ ವಯಸ್ಸು ಒಂದು ತಿಂಗಳು ಮುಂದಿತ್ತು.

ಪಟ್ಟಿ ಕೆಟ್ಟಿರಬೇಕು ಎಂದುಕೊಂಡು ಬೇರೆ ತೆಗೆದಳು. ಅದೂ ಅದನ್ನೇ ಹೇಳಿತು. ಉಳಿದ ತಾಯಂದಿರ ಬಾಟಲಿಗಳನ್ನು ಒಂದೊಂದಾಗಿ ನೋಡಿದಳು. ಪ್ರತಿಯೊಬ್ಬಳ ಹಾಲೂ ಅವಳವಳ ಕೂಸಿನ ವಯಸ್ಸಿಗೆ ಸರಿಯಾಗಿ ಕೂತಿತು. ಬಸಿರು ನಿಂತ ದಿನದಿಂದ ತಾಯಿಯ ಎದೆಯೂ ಮೌನವಾಗಿ ಲೆಕ್ಕ ಇಡುತ್ತದೆಯೇ, ವಾಲಬಿಯ ಹಾಗೆ? ಇದೇ ಒಂದು ದೊಡ್ಡ ಸುದ್ದಿ. ಬೇರೆ ದಿನವಾಗಿದ್ದರೆ ಅವಳು ಕುಣಿದಾಡುತ್ತಿದ್ದಳು. ಆದರೆ ಸಾವಂತ್ರಿಯೊಬ್ಬಳ ಎದೆ ಮಾತ್ರ ಯಂತ್ರದ ಜೊತೆ ಜಗಳಕ್ಕೆ ನಿಂತಿತ್ತು. ಯಾರದು ಸುಳ್ಳು?

ಮೆಣಸಿನಕಾಯಿಯವರಿಗೆ ಹೇಳಿದಳು. ಅವರು ಎಲ್ಲವನ್ನೂ ಕೇಳಿ, ಇದೊಂದೇ ಆಧಾರದ ಮೇಲೆ ಹಾಲು ಬದಲಿಸಲಾರೆ ಎಂದರು. ತಾಯಿಗೆ ಜ್ವರ ಬಂದಿತ್ತು, ಚಿಂತೆ ಇದೆ, ಅದರಿಂದ ಹಾಲು ಬದಲಾಗಿರಬಹುದು. ಒಂದು ತಿಂಗಳು ಎಲ್ಲಿ ಕಳೆದುಹೋಯಿತು ಎಂದು ಯಾರಾದರೂ ತೋರಿಸಿದರೆ ಮುಂದಿನ ಮಾತು. ಹೀಗೆಂದು ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಅವರಿಗೆ ಆ ನೀಲಿಗಟ್ಟಿದ ಹೊಟ್ಟೆ ನೆನಪಾಗಿದೆ ಎಂದು ಮಂದಾಕಿನಿಗೆ ಗೊತ್ತಾಯಿತು. ಅವಳಿಗೂ ನೆನಪಾಗಿತ್ತು.

ಅಂದು ಸಂಜೆ ಮನೆಯಲ್ಲಿ ತುಳಸಿ ಲಗ್ನ. ಕೃಷ್ಣಾಬಾಯಿ ವೃಂದಾವನಕ್ಕೆ ಸುಣ್ಣ ಹಚ್ಚಿಸಿ, ಕಬ್ಬು ಕಟ್ಟಿ, ನೆಲ್ಲಿಕಾಯಿ ಕೊಂಬೆ ಸಿಗಲಿಲ್ಲವೆಂದು ಮಗನ ಮೇಲೆ ಸಿಟ್ಟಾಗಿದ್ದರು. ಮಂದಾಕಿನಿ ಸೀರೆ ಉಟ್ಟು ಬಂದು ನಿಂತಳೇ ಹೊರತು ಅವಳ ಮನಸ್ಸು ಗಾಜಿನ ಪಟ್ಟಿಯ ಮೇಲೆಯೇ ಇತ್ತು. ಆರತಿಯಾದ ಮೇಲೆ ಅತ್ತೆ ಶಾಲು ಹೊದ್ದುಕೊಳ್ಳುತ್ತ, ಈ ಸಲ ಎಲ್ಲ ಹಬ್ಬವೂ ತಡ, ತುಳಸಿ ಲಗ್ನಕ್ಕೇ ಇಷ್ಟು ಥಂಡಿ ಬಂತು ನೋಡು ಎಂದರು. ಶ್ರೀಪಾದ ಅವಲಕ್ಕಿ ಮೆಲ್ಲುತ್ತ, ತಡವಾದರೇನಂತೆ, ಅಧಿಕ ಮಾಸ ಬಂದದ್ದರಿಂದ ತನಗಂತೂ ಲಾಭವೇ ಆಯಿತು ಎಂದ. ಎರಡೆರಡು ಭಾದ್ರಪದ ಬಂದ ಈ ವರ್ಷ, ಮೊದಲಿನ ಅಧಿಕ ಭಾದ್ರಪದದಲ್ಲಿ ಮಂದಾಕಿನಿಯ ತವರಿನವರು ಅಳಿಯನನ್ನು ಕರೆಸಿ, ಪದ್ಧತಿಯಂತೆ ಅಕ್ಕಿಹಿಟ್ಟು ಬೆಲ್ಲ ಕಲಸಿ ಕರಿದ ಮೂವತ್ತಮೂರು ಅನಾರಸ ಕೊಟ್ಟು ಕಳಿಸಿದ್ದರು. ಡಬ್ಬಿಯ ತಳದಲ್ಲಿ ಇನ್ನೂ ಒಂದೆರಡು ಉಳಿದಿದ್ದವು, ಕಲ್ಲಿನಂತೆ ಗಟ್ಟಿಯಾಗಿ.

ಮಂದಾಕಿನಿ ಪ್ರಸಾದದ ತಟ್ಟೆಯನ್ನು ಕಟ್ಟೆಯ ಮೇಲೆ ಇಟ್ಟಳು. ಸೂರ್ಯ ಚಂದ್ರರ ಲೆಕ್ಕ ಸರಿಹೊಂದಲಿ ಎಂದು ಪಂಚಾಂಗದವರು ಮೂರು ವರ್ಷಕ್ಕೊಮ್ಮೆ ತುರುಕುವ ಹೆಚ್ಚಿನ ತಿಂಗಳು. ಆ ತಿಂಗಳಲ್ಲಿ ಮದುವೆಯಿಲ್ಲ, ಮುಂಜಿಯಿಲ್ಲ, ಶುಭಕಾರ್ಯ ಯಾವುದೂ ಇಲ್ಲ.

“ಅತ್ಯಾ, ಅಧಿಕದಾಗ ಕುಬುಸ ಮಾಡ್ತಾರೇನು?” ಎಂದು ಬಸುರಿಯ ಸೀಮಂತದ ಮಾತು ತೆಗೆದು ಕೇಳಿದಳು.

ಇಷ್ಟು ಓದಿದವಳಿಗೆ ಇಷ್ಟೂ ಗೊತ್ತಿಲ್ಲವೇ ಎಂಬಂತೆ ಕೃಷ್ಣಾಬಾಯಿ ಸೊಸೆಯನ್ನು ನೋಡಿದರು.

ಮರುದಿನ ಬೆಳಿಗ್ಗೆ ತುಳಸಾಬಾಯಿ ಆಸ್ಪತ್ರೆಯ ಅಂಗಳದ ಬೇವಿನ ಮರದ ಕೆಳಗೆ ಎಲೆಯಡಿಕೆಯ ಚಂಚಿ ಬಿಚ್ಚಿಕೊಂಡು ಕೂತಿದ್ದರು. ಮಂದಾಕಿನಿ ಪಕ್ಕದಲ್ಲಿಯೇ ಕೂತಳು. ಮೆಣಸಿನಕಾಯಿಯವರನ್ನೂ ಎಳೆದುಕೊಂಡು ಬಂದಿದ್ದಳು. ಅವರು ಬಿಳಿ ಕೋಟಿನಲ್ಲಿ ನೆಲದ ಮೇಲೆ ಕೂರುವುದೋ ಬೇಡವೋ ಎಂದು ನಿಂತೇ ಇದ್ದರು.

“ತುಳಸಾಬಾಯಾರ, ಸಾವಂತ್ರಿ ಕುಬುಸ ಯಾವಾಗ ಮಾಡಿದ್ರಿ?”

“ಐದರಾಗ ಮಾಡಿದ್ವಿರಿ ಬಾಯಾರ. ಗಣಪ್ಪ ಕುಂತ ಮ್ಯಾಗ. ಅರಮನಿ ಪಡದೆ ಕಟ್ಟಿ, ಹಸರ ಸೀರಿ ಉಡಿಸಿ, ಖುರ್ಚಿ ಮ್ಯಾಗ ರಾಣಿಹಂಗ ಕುಂದರ್ಸಿದ್ವಿ. ಅವತ್ತಿಂದ ಬೆರಳ ಮಡಚಿ ಲೆಕ್ಕ ಇಟ್ಟೇನ್ರಿ ನಾ. ತಪ್ಪೂದಿಲ್ಲ.”

“ಅದರ ಹಿಂದಿನ ತಿಂಗಳಾನ ಯಾಕ ಮಾಡ್ಲಿಲ್ರಿ?”

“ಮಾಡೂದಿತ್ತರಿ. ಸೀರೀನೂ ತಂದಿಟ್ಟಿದ್ವಿ. ಅಷ್ಟರಾಗ ಅಧಿಕ ಬಂತು. ಅಧಿಕದಾಗ ಯಾರರೆ ಕುಬುಸ ಮಾಡ್ತಾರೇನ್ರಿ? ಅದು ದೇವರ ತಿಂಗಳ. ಮನಷ್ಯಾರ ಲೆಕ್ಕಕ್ಕ ಬರೂದಿಲ್ಲ.”

“ಹೊಟ್ಟ್ಯಾಗಿನ ಕೂಸಿನ ಲೆಕ್ಕಕ್ಕ?”

ತುಳಸಾಬಾಯಿಯ ಕೈ ಎಲೆಗೆ ಸುಣ್ಣ ಹಚ್ಚುತ್ತಿದ್ದುದು ನಿಂತಿತು. ಅವರು ಕೈಯನ್ನು ಹಾಗೆಯೇ ಹಿಡಿದುಕೊಂಡು ಬೆರಳು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ಐದನೆಯ ತಿಂಗಳೇ ಅಧಿಕವಾಗಿ ಬಂದಿತ್ತು. ಅದನ್ನು ದೇವರಿಗೆ ಬಿಟ್ಟು, ಅದರ ಮುಂದಿನ ತಿಂಗಳನ್ನೇ ಐದು ಎಂದುಕೊಂಡು ಕುಬುಸ ಮಾಡಿದ್ದರು. ಅಲ್ಲಿಂದ ಇಡೀ ಕಂಪನಿ ಕುಬುಸವನ್ನೇ ಹಿಡಿದು ಮುಂದಕ್ಕೆ ಎಣಿಸಿತ್ತು. ಹೊಟ್ಟೆಯಲ್ಲಿದ್ದ ಕೂಸಿಗೆ ಪಂಚಾಂಗ ಯಾರು ಓದಿ ಹೇಳಬೇಕು? ಅದು ಅಧಿಕದಲ್ಲೂ ಬೆಳೆದಿತ್ತು, ಗಾತ್ರದಲ್ಲಿ ಮಾತ್ರ ಹಿಂದೆ ಉಳಿದು ಸ್ಕ್ಯಾನಿಂಗಿನವರನ್ನೂ ತಕ್ಕಡಿಯನ್ನೂ ಮೋಸಗೊಳಿಸಿತ್ತು.

“ಏಳು ತುಂಬಿತ್ತು,” ಎಂದರು ತುಳಸಾಬಾಯಿ. “ನನ್ನ ಕೈಯಾರ ನನ್ನ ಮೊಮ್ಮಗಳ ಒಂದ ತಿಂಗಳ ನುಂಗಿದ್ನಲ್ರಿ.”

ಮೆಣಸಿನಕಾಯಿಯವರು ಈಗ ಕೆಳಗೆ ಕೂತರು. ತಮ್ಮ ಮಗನ ನಿಶ್ಚಯವನ್ನು ಅಧಿಕ ಬಂತೆಂದು ಒಂದು ತಿಂಗಳು ಮುಂದಕ್ಕೆ ಹಾಕಿದ್ದು ಅವರೇ. ಆ ತಿಂಗಳ ಅನಾರಸವನ್ನು ಚಹಾದಲ್ಲಿ ಅದ್ದಿಕೊಂಡು ತಿಂದವಳು ಮಂದಾಕಿನಿ. ಎಲ್ಲರಿಗೂ ಗೊತ್ತಿದ್ದ ತಿಂಗಳೇ. ಎಣಿಸುವಾಗ ಮಾತ್ರ ಯಾರಿಗೂ ಕಾಣಲಿಲ್ಲ. ನೀವೊಬ್ಬರೇ ನುಂಗಿದ್ದಲ್ಲ, ನಾವೆಲ್ಲ ಕೂಡಿಯೇ ನುಂಗಿದ್ದು ಎಂದು ಅವರು ತುಳಸಾಬಾಯಿಗೆ ಹೇಳಿದರು. ಆ ಮಾತು ಮುದುಕಿಗೆ ಸಮಾಧಾನ ಕೊಟ್ಟಂತೆ ಕಾಣಲಿಲ್ಲ.

ವಾರ್ಡಿಗೆ ಹೋಗುವ ದಾರಿಯಲ್ಲಿ ಮಂದಾಕಿನಿಯ ತಲೆಯಲ್ಲಿ ಬೇರೆಯೇ ಲೆಕ್ಕ ನಡೆದಿತ್ತು. ಕೂಸಿನ ನಿಜವಾದ ವಯಸ್ಸಿಗೆ ಶ್ವಾಸಕೋಶ ತಾನಾಗಿಯೇ ಗೂಡು ಕಟ್ಟಲು ಶುರು ಮಾಡಿರಬೇಕಿತ್ತು. ಮಾಡಿರಲಿಲ್ಲ. ಯಾಕೆಂದರೆ ಹಾಲು ದಿನಾ ಅದರ ಕಿವಿಯಲ್ಲಿ, ನೀನಿನ್ನೂ ಸಣ್ಣವಳು, ತಡೆ ತಡೆ ಎನ್ನುತ್ತಿತ್ತು. ಕೂಸು ತನ್ನ ಮೈಯ ಮಾತನ್ನು ಬಿಟ್ಟು ಹಾಲಿನ ಮಾತು ಕೇಳಿತ್ತು. ವಾಲಬಿಯ ಮರಿ ಕೇಳುವ ಹಾಗೆಯೇ. ಯಾರೂ ಮಾಡಬಾರದಿದ್ದ ಪ್ರಯೋಗ ತಾನಾಗಿ ನಡೆದುಹೋಗಿತ್ತು, ಎತ್ತು ಯಾವುದು ಬಂಡಿ ಯಾವುದು ಎಂಬುದಕ್ಕೆ ಉತ್ತರ ಸಿಕ್ಕಿತ್ತು. ಅವಳಿಗೆ ಸಂತೋಷವಾಯಿತು. ಆ ಸಂತೋಷಕ್ಕೆ ನಾಚಿಕೆಯೂ ಆಯಿತು. ಗಾಜಿನ ಪೆಟ್ಟಿಗೆಯಲ್ಲಿ ಒಂದು ಜೀವ ತಡೆ ಎಂದದ್ದಕ್ಕೆ ತಡೆದುಕೊಂಡು ಮಲಗಿತ್ತು.

ಮೆಣಸಿನಕಾಯಿಯವರು ಆಮೇಲೂ ಹಿಂದೆಮುಂದೆ ನೋಡಿದರು. ಎರಡೂ ಹಾಲನ್ನು ಅರ್ಧರ್ಧ ಬೆರೆಸಿ ಮೆಲ್ಲಗೆ ದಾಟಿಸೋಣವೇ ಎಂದು ಕೇಳಿದರು. ಮಂದಾಕಿನಿ ಬೇಡವೆಂದಳು. ಕಾಂಗರೂ ಎರಡು ಹಾಲನ್ನು ಎರಡು ಮೊಲೆಯಲ್ಲಿ ಇಟ್ಟುಕೊಂಡಿರುವುದು ಸುಮ್ಮನೆ ಅಲ್ಲ. ಬಾ ಎಂದೂ ಹೋಗು ಎಂದೂ ಒಟ್ಟಿಗೆ ಕೂಗಿದರೆ ಕೂಸು ಏನು ಮಾಡಬೇಕು? ಕೊಟ್ಟರೆ ಪೂರ್ತಿ ಎರಡನೆಯ ಹಂತದ್ದನ್ನೇ ಕೊಡಬೇಕು. ಲೆಕ್ಕ ಸರಿಯಿದ್ದರೆ ಕರುಳು ತಡೆಯುತ್ತದೆ. ತಪ್ಪಿದ್ದರೆ ಏನಾಗುತ್ತದೆಂದು ಇಬ್ಬರೂ ನೋಡಿದವರೇ.

ಹೇಳುವುದನ್ನೆಲ್ಲ ಸಾವಂತ್ರಿಗೆ ಹೇಳಬೇಕಾಗಿತ್ತು. ಅವಳು ಸೆರಗನ್ನು ಬಿಗಿಯಾಗಿ ಹೊದ್ದು, ಗೋಡೆಗೆ ಒರಗಿ ನಿಂತು ಕೇಳಿದಳು. ಬಸಲಿಂಗ ಪಕ್ಕದಲ್ಲಿ ತಲೆ ತಗ್ಗಿಸಿದ್ದ.

“ಲೆಕ್ಕ ತಪ್ಪಿದ್ರ?” ಎಂದಳು ಸಾವಂತ್ರಿ.

“ತಪ್ಪಿದ್ರ ಕರಳು ಕೆಡತದ. ಉಳಿಸೂದು ಭಾಳ ಕಷ್ಟ,” ಎಂದಳು ಮಂದಾಕಿನಿ. ಅವಳಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

“ಸುಮ್ಮನ ಕುಂತ್ರ?”

“ಉಸಿರು ಸೋಲತದ.”

ಸಾವಂತ್ರಿ ಗಾಜಿನ ಪೆಟ್ಟಿಗೆಯ ಕಡೆ ತಿರುಗಿದಳು. “ನನ್ನ ಹಾಲು ಏನ ಅಂತೈತಿ ಅಂದ್ರಿ?”

“ಕೂಸು ದೊಡ್ಡದದ ಅಂತದ.”

“ಹಂಗಾರ ಅದ ಖರೆ,” ಎಂದಳು ಸಾವಂತ್ರಿ. “ಕೊಡ್ರಿ.”

ಚಿಗವ್ವನಿಗೆ ಮಂದಾಕಿನಿಯೇ ಹೊಸ ವಯಸ್ಸು ಹೇಳಿದಳು. ಯಂತ್ರ ಒಂದು ತಿಂಗಳನ್ನು ಯಾಕೆ ಹಾರಿಸಿದಿರಿ ಎಂದು ಕೇಳಿತು, ನಿಮಗೆ ಖಾತ್ರಿಯೇ ಎಂದು ಕೇಳಿತು, ಮತ್ತೊಮ್ಮೆ ಕೇಳಿತು. ಕಡೆಗೆ ತುಸು ಹಳದಿಗೆ ತಿರುಗಿದ ಹಾಲು ಸಣ್ಣ ಕೊಳವೆಯಲ್ಲಿ ಇಳಿಯಿತು. ಮೊದಲು ಒಂದೇ ಹನಿ.

ಆ ದಿನ ಮೆಣಸಿನಕಾಯಿಯವರು ಕೂಸಿನ ಹೊಟ್ಟೆಯನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಎರಡು ಬೆರಳಿಂದ ಮುಟ್ಟುವುದು, ಟೇಪಿನಿಂದ ಸುತ್ತಳತೆ ನೋಡುವುದು, ಕಿವಿಗೆ ಕೊಳವೆ ಹಚ್ಚಿ ಕರುಳಿನ ಸಪ್ಪಳ ಕೇಳುವುದು. ಮಧ್ಯಾಹ್ನ ಹೊಟ್ಟೆ ತುಸು ಬಿಗಿದಂತೆ ಕಂಡಾಗ ಅವರ ಮುಖ ಬಿಳಿಚಿತು. ಹಾಲು ನಿಲ್ಲಿಸೋಣ ಎಂದು ಬಾಯಿಗೆ ಬಂದ ಮಾತನ್ನು ಇಬ್ಬರೂ ನುಂಗಿಕೊಂಡರು. ಅಷ್ಟರಲ್ಲಿ ಕೂಸು ಬಟ್ಟೆ ಕೆಡಿಸಿತು. ಹೊಟ್ಟೆ ಮೆತ್ತಗಾಯಿತು. ಒಂದು ಎಳೆಗೂಸಿನ ಕಕ್ಕವನ್ನು ಇಬ್ಬರು ಡಾಕ್ಟರುಗಳು ಅಷ್ಟು ಪ್ರೀತಿಯಿಂದ ನೋಡಿದ್ದು ಆ ಆಸ್ಪತ್ರೆಯಲ್ಲಿ ಅದೇ ಮೊದಲು ಎಂದು ನರ್ಸುಗಳು ಆಮೇಲೆ ಬಹಳ ದಿನ ಹೇಳಿಕೊಂಡು ನಕ್ಕರು.

ಮನೆಗೆ ಹೋದರೂ ಮಂದಾಕಿನಿಗೆ ಊಟ ಸೇರಲಿಲ್ಲ. ಆ ವಾರವಿಡೀ ಶ್ರೀಪಾದನೇ ಕೂಸಿನ ಸುದ್ದಿ ಕೇಳುವವನಾದ. ಕೃಷ್ಣಾಬಾಯಿ ಎರಡು ಹೊತ್ತು ತುಳಸಿಗೆ ದೀಪ ಹಚ್ಚಿ, ಕಂಪನಿಯವರ ಕೂಸಿನದು ಎಂದು ಒಂದು ಬತ್ತಿಯನ್ನು ಬೇರೆಯೇ ಇಡತೊಡಗಿದರು. ಅಧಿಕ ಮಾಸದ ದೇವರ ಮೇಲೆ ಅವರಿಗೆ ಸ್ವಲ್ಪ ಮುನಿಸೂ ಬಂದಿತ್ತು. ತಿಂಗಳನ್ನು ತನಗೆಂದು ಇಟ್ಟುಕೊಂಡ ಮೇಲೆ ಅದರಲ್ಲಿ ಬೆಳೆದ ಕೂಸನ್ನೂ ಅವನೇ ನೋಡಿಕೊಳ್ಳಬೇಕಲ್ಲವೇ ಎಂಬುದು ಅವರ ವಾದ.

ಶ್ವಾಸಕೋಶ ಅಪ್ಪಣೆ ಕೇಳಿಸಿಕೊಂಡಿತು. ಮೊದಲು ಎದೆಯ ಎಕ್ಸ್‌ರೇ ಚಿತ್ರಗಳಲ್ಲಿ ಬೂದು ಮಬ್ಬು ಹರಿಯಿತು. ಆಮೇಲೆ ಉಸಿರಿನ ಯಂತ್ರದ ಒತ್ತಡ ಒಂದು ಗೆರೆ ಇಳಿಯಿತು, ಮತ್ತೊಂದು ಗೆರೆ ಇಳಿಯಿತು. ಕಾದದ್ದನ್ನೆಲ್ಲ ಒಮ್ಮೆಗೇ ತೀರಿಸುವವರ ಹಾಗೆ ಕೂಸು ಬೆಳೆಯಿತು. ಚಿಗವ್ವನ ಪಕ್ಕದಲ್ಲಿ ಈಗ ಒಂದು ಹೊಸ ಪದ್ಧತಿ ಶುರುವಾಗಿತ್ತು. ಯಾವ ಕೂಸು ಬಂದರೂ ಮೊದಲು ತಾಯಿಯ ಒಂದು ಹನಿ ಹಾಲು ಗಾಜಿನ ಪಟ್ಟಿಗೆ ಬೀಳಬೇಕು, ಆಮೇಲೆಯೇ ಯಂತ್ರಕ್ಕೆ ವಯಸ್ಸು ಹೇಳುವುದು.

ಸಾವಂತ್ರಿಯ ಹಾಲು ಮಾತ್ರ ದಿನದಿನಕ್ಕೆ ಬತ್ತುತ್ತ ಬಂದಿತ್ತು. ರಬ್ಬರಿನ ಪಂಪಿಗೆ ಎದೆ ಎಷ್ಟು ದಿನ ಮೋಸಹೋದೀತು? ಬಾಟಲಿಯ ತಳ ಮುಚ್ಚುವಷ್ಟೂ ಬರುತ್ತಿರಲಿಲ್ಲ. ಇನ್ನು ಬಿಟ್ಟುಬಿಡಲೇ ಎಂದು ಅವಳು ನರ್ಸನ್ನು ಕೇಳಿದ್ದಳು.

ಉಸಿರಿನ ಕೊಳವೆ ತೆಗೆಯುವ ದಿನ ಕಂಪನಿಯವರು ಅರ್ಧಕ್ಕರ್ಧ ಜನ ಆಸ್ಪತ್ರೆಯ ವರಾಂಡದಲ್ಲಿ ಸೇರಿದ್ದರು. ಒಳಗೆ ತಾಯಿಯನ್ನೂ ಅಜ್ಜಿಯನ್ನೂ ಮಾತ್ರ ಬಿಟ್ಟರು. ಮೆಣಸಿನಕಾಯಿಯವರು ಗಂಟಲಿನಿಂದ ಕೊಳವೆಯನ್ನು ಎಳೆದರು. ಯಂತ್ರದ ಸುಯ್ ಸುಯ್ ಸಪ್ಪಳ ನಿಂತಿತು. ಅಷ್ಟು ದಿನ ಆ ಸಪ್ಪಳಕ್ಕೆ ಒಗ್ಗಿದ್ದ ಕೋಣೆ ಒಮ್ಮೆಗೇ ಖಾಲಿಯಾದಂತೆ ಆಯಿತು. ಕೂಸಿನ ಎದೆ ಏಳಲಿಲ್ಲ. ಮುಖ ಕೆಂಪಾಯಿತು, ಕಪ್ಪಾಯಿತು.

ಆಮೇಲೆ ಆ ಎದೆ ಎದ್ದಿತು. ಬೆಕ್ಕಿನ ಮರಿಯದಕ್ಕಿಂತ ಸಣ್ಣ ದನಿಯೊಂದು ಬಂತು. ಕೂಸು ಹುಟ್ಟಿದಾಗಿನಿಂದ ಯಾರೂ ಕೇಳದಿದ್ದ ದನಿ. ಗಂಟಲಲ್ಲಿ ಕೊಳವೆ ಇದ್ದವರಿಗೆ ಅಳಲೂ ಬರುವುದಿಲ್ಲ.

ತುಳಸಾಬಾಯಿ ಕಿವಿಗೊಟ್ಟು ಕೇಳಿದರು. ಮೈಕಿಲ್ಲದ ಕಾಲದಲ್ಲಿ ಮೂರು ತಾಸಿನ ನಾಟಕವನ್ನು ಕಡೆಯ ಸಾಲಿನ ತನಕ ಮುಟ್ಟಿಸಿದ ಹೆಂಗಸು. “ಏನ ದನಿ ಇದು. ಮುಂದಿನ ಖುರ್ಚಿಗೂ ಕೇಳಸೂದಿಲ್ಲ,” ಎಂದವರೇ ಗೋಡೆಯ ಕಡೆ ತಿರುಗಿ ಬಿಕ್ಕಿ ಬಿಕ್ಕಿ ಅತ್ತರು.

ಕೂಸು ಎರಡನೆಯ ಸಲ ಅತ್ತಿತು. ಮಂದಾಕಿನಿ ತಿರುಗಿ ನೋಡಿದಾಗ ಸಾವಂತ್ರಿಯ ಕುಪ್ಪಸ ಎರಡೂ ಕಡೆ ತೊಯ್ದಿತ್ತು. ತೇವ ಸೆರಗಿಗೂ ಹಬ್ಬಿ, ಹೊಟ್ಟೆಯ ಮೇಲೆ ಇಳಿದು, ನಿರಿಗೆಯ ತನಕ ಬಂದಿತ್ತು. ಅವಳಿಗೆ ಅದರ ಅರಿವೇ ಇರಲಿಲ್ಲ.

ಕೂಸಿನ ಹಾಲಿನ ಹೊತ್ತಾಗಿತ್ತು. ನರ್ಸು ರೂಢಿಯಂತೆ ಚಿಗವ್ವನ ಕೋಣೆಯ ಕಡೆ ಹೊರಟಿದ್ದಳು. ಮಂದಾಕಿನಿ ಅವಳನ್ನು ಕೈಸನ್ನೆಯಿಂದ ನಿಲ್ಲಿಸಿ, ಮೂಲೆಯಲ್ಲಿದ್ದ ಕುರ್ಚಿಯನ್ನು ಎಳೆದು ತಂದು ಗಾಜಿನ ಪೆಟ್ಟಿಗೆಯ ಪಕ್ಕದಲ್ಲಿ ಹಾಕಿದಳು.

“ಹಂಗ ನಿಂತೇನ್ ಮಾಡ್ತಿ ಸಾವಂತ್ರಿ, ಕೂಡು,” ಎಂದಳು. “ಆಕಿ ನಿನ್ನ ಕರೀಲಿಕತ್ತಾಳ.”